ಕೈಸನ್ನೆಯನ್ನು ಕ್ಯಾಮೆರಾ ಓದಬಲ್ಲದೆ?

ಪ್ರಶ್ನೆ: ಕಿವುಡರ ಸನ್ನೆ ಭಾಷೆಯನ್ನು ಮೊಬೈಲ್ ಕ್ಯಾಮೆರಾ ಗುರುತಿಸುವುದು ಹೇಗೆ?

ಉತ್ತರ: ಗೂಗಲ್‌ನ ಮೀಡಿಯಾಪೈಪ್‌ನಂಥ ತಂತ್ರಾಂಶ ವಿಡಿಯೊದ ಪ್ರತಿ ಫ್ರೇಮಿನಲ್ಲೂ ಒಂದೊಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ: ಮಣಿಕಟ್ಟಿಗೆ ಒಂದು, ಬೆರಳಿಗೆ ನಾಲ್ಕರಂತೆ ಇಪ್ಪತ್ತು. ಆ ಬಿಂದುಗಳು ಸರಿದಾಡುವ ರೀತಿಯನ್ನು, ನೂರಾರು ವಿಡಿಯೊ ನೋಡಿ ಕಲಿತ ಇನ್ನೊಂದು ತಂತ್ರಾಂಶ ಗಮನಿಸಿ, ಅದು ಯಾವ ಪದವೆಂದು ಊಹಿಸುತ್ತದೆ.

ಬಿಡಿ ಪದಗಳ ಮಟ್ಟಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಕಷ್ಟವಿರುವುದು ವಾಕ್ಯದಲ್ಲಿ. ಅಲ್ಲಿ ಸನ್ನೆಗಳು ಒಂದರೊಳಗೊಂದು ಬೆರೆತು ಹರಿಯುತ್ತವೆ. ಇನ್ನೊಂದು ತೊಡಕೂ ಇದೆ: ಭಾರತೀಯ ಸನ್ನೆ ಭಾಷೆಯ ಬೆರಳಕ್ಷರಗಳಲ್ಲಿ ಹೆಚ್ಚಿನವಕ್ಕೆ ಎರಡೂ ಕೈ ಬೇಕು. ಒಂದು ಇನ್ನೊಂದನ್ನು ಮರೆಮಾಡುತ್ತದೆ. ಹುಬ್ಬೇರಿಸಿದರೆ ಹೇಳಿಕೆಯೇ ಪ್ರಶ್ನೆಯಾಗಬಹುದು. ಹಾಗಾಗಿ ಕೈ ಮಾತ್ರವಲ್ಲ, ಮುಖವನ್ನೂ ಓದಬೇಕು.

ಇಂಥ ತಂತ್ರಾಂಶ ಕಟ್ಟುವವರು ಮೊದಲು ಕಿವುಡರ ಬಳಿ ಕೂತು ಕಲಿಯಬೇಕು. ಭಾಷೆ ಅವರದು.