ಜೆಟ್‌ಗಳ ಬೆನ್ನು ಹತ್ತಿದ ಪ್ರೊಪೆಲ್ಲರ್ ವಿಮಾನ

ಒಂದೇ ಕುಟುಂಬದ ಎಂಜಿನ್, ಅಷ್ಟೇ ಅಶ್ವಶಕ್ತಿ; ಆದರೆ ವೇಗದಲ್ಲಿ ಗಂಟೆಗೆ 200 ಕಿ.ಮೀ. ಅಂತರ. ಅಮೆರಿಕದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಬಿ200 ಮತ್ತು ಇಟಲಿಯ ಪಿಯಾಜಿಯೊ ಪಿ.180 ಅವಾಂಟಿ, ಎರಡೂ ಎಂಟೊಂಬತ್ತು ಮಂದಿ ಕೂರಬಹುದಾದ ಖಾಸಗಿ ವಿಮಾನಗಳು. ಎರಡಕ್ಕೂ ಪ್ರಾಟ್ ಅಂಡ್ ವಿಟ್ನಿ ಕೆನಡಾ ಕಂಪನಿಯ ಪಿಟಿ6 ಎಂಜಿನ್‌ಗಳೇ. ತಲಾ ಎರಡು, ಒಂದೊಂದಕ್ಕೆ 850 ಅಶ್ವಶಕ್ತಿ. ಟೇಕಾಫ್ ಹೊತ್ತಿನ ಗರಿಷ್ಠ ತೂಕವೂ ಹೆಚ್ಚುಕಡಿಮೆ ಸಮ, ಐದೂವರೆ ಟನ್ನಿನ ಆಚೀಚೆ. ಆದರೂ ಕಿಂಗ್ ಏರ್‌ನ ಓಟ ಗಂಟೆಗೆ 535 ಕಿ.ಮೀ. ಆಸುಪಾಸಿಗೆ ನಿಂತರೆ, ಅವಾಂಟಿಯದು 740 ಮುಟ್ಟುತ್ತದೆ. ಅದೇ ತೂಕದ ಸೆಸ್ನಾ ಸಿಟೇಶನ್ ಸಿಜೆ2+ ಎಂಬ ಅಪ್ಪಟ ಜೆಟ್ ವಿಮಾನದ ವೇಗ ಸುಮಾರು 774. ಅಂದರೆ 600 ಕಿ.ಮೀ. ಪಯಣದಲ್ಲಿ ಜೆಟ್ ಉಳಿಸಿಕೊಡುವುದು ಸುಮಾರು ಎರಡು ನಿಮಿಷ.

ಪ್ರೊಪೆಲ್ಲರ್ ಅಂದರೆ ಹಳೆಯ ಕಾಲದ್ದು, ನಿಧಾನದ್ದು, ಅಪಾಯದ್ದು ಎಂಬ ನಂಬಿಕೆ ಮಾತ್ರ ಇನ್ನೂ ಗಟ್ಟಿಯಾಗಿಯೇ ಇದೆ. ಹುಬ್ಬಳ್ಳಿಗೋ ಮೈಸೂರಿಗೋ ಹೋಗುವ ಎಟಿಆರ್ ವಿಮಾನದ ಮೆಟ್ಟಿಲ ಬಳಿ ನಿಂತು, ‘ಅಯ್ಯೋ, ಫ್ಯಾನಿನ ವಿಮಾನ!’ ಎಂದು ಮುಖ ಸಣ್ಣಗೆ ಮಾಡಿಕೊಳ್ಳುವವರು ಈಗಲೂ ಸಿಗುತ್ತಾರೆ. ಈ ಭಯಕ್ಕೆ ಬುಡವಿಲ್ಲ. ಟರ್ಬೊಪ್ರಾಪ್‌ನ ಹೊಟ್ಟೆಯೊಳಗೆ ಇರುವುದು ಜೆಟ್ ವಿಮಾನದಲ್ಲಿರುವಂಥದೇ ಗ್ಯಾಸ್ ಟರ್ಬೈನ್. ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನ ಉರಿಸಿ ಟರ್ಬೈನ್ ತಿರುಗಿಸುವ ಕ್ರಮದಲ್ಲಿ ವ್ಯತ್ಯಾಸವೇನೂ ಇಲ್ಲ. ಹೊರಬರುವ ಶಕ್ತಿಯನ್ನು ಬಿಸಿಗಾಳಿಯ ಬುಗ್ಗೆಯಾಗಿ ಹಿಂದಕ್ಕೆ ಚಿಮ್ಮಿಸುವ ಬದಲು ಗಿಯರ್ ಮೂಲಕ ಪ್ರೊಪೆಲ್ಲರಿಗೆ ಕೊಡುತ್ತಾರೆ, ಅಷ್ಟೇ.

ಹಾಗೆ ಕೊಡುವುದರಲ್ಲೇ ಉಳಿತಾಯವಿದೆ. ಗಾಳಿಯನ್ನು ಹಿಂದಕ್ಕೆ ತಳ್ಳಿದರೆ ತಾನೇ ವಿಮಾನ ಮುಂದಕ್ಕೆ ಹೋಗುವುದು? ಸ್ವಲ್ಪ ಗಾಳಿಯನ್ನು ರಭಸದಿಂದ ತಳ್ಳಬಹುದು, ಬಹಳ ಗಾಳಿಯನ್ನು ಮೆಲ್ಲಗೆ ತಳ್ಳಬಹುದು. ಸಿಗುವ ನೂಕುಬಲ ಒಂದೇ ಇದ್ದರೂ ಖರ್ಚು ಒಂದೇ ಅಲ್ಲ. ಗಾಳಿಗೆ ಎರಡು ಪಟ್ಟು ವೇಗ ಕೊಟ್ಟು ಅದೇ ನೂಕುಬಲ ಪಡೆದರೆ, ಆ ಗಾಳಿಯ ಜೊತೆ ಪೋಲಾಗುವ ಶಕ್ತಿಯೂ ಎರಡು ಪಟ್ಟಾಗುತ್ತದೆ. ದೋಣಿ ನಡೆಸುವವನು ಕಡ್ಡಿಯಿಂದ ನೀರು ಬಡಿಯದೆ ಅಗಲವಾದ ಹುಟ್ಟು ಹಾಕುವುದೂ ಇದೇ ಲೆಕ್ಕದಲ್ಲಿ. ಸಮಾನ ಗಾತ್ರದ ಜೆಟ್‌ಗಳಿಗಿಂತ ಶೇ. 40ರವರೆಗೆ ಕಡಿಮೆ ಇಂಧನ ಸಾಕು ಎಂದು ಅವಾಂಟಿಯ ತಯಾರಕರು ಹೇಳಿಕೊಳ್ಳುವುದರ ಹಿಂದೆ ಈ ಭೌತಶಾಸ್ತ್ರವಿದೆ.

ಹುಟ್ಟಿನ ಲೆಕ್ಕ ಕಿಂಗ್ ಏರ್‌ಗೂ ಅನ್ವಯಿಸುತ್ತದಲ್ಲ, ಅದೇಕೆ ಹಿಂದೆ ಬಿತ್ತು?

ಉತ್ತರದ ಒಂದು ಭಾಗ ಎಂಜಿನ್ನಿನಲ್ಲೇ ಇದೆ. ಅವಾಂಟಿಯ ಪಿಟಿ6ಎ-66 ಮಾದರಿಗೆ ನಿಜಕ್ಕೂ 850 ಅಶ್ವಶಕ್ತಿಗಿಂತ ಬಹಳ ಹೆಚ್ಚಿನ ತಾಕತ್ತಿದೆ. ಬೇಕೆಂದೇ ಅದನ್ನು 850ಕ್ಕೆ ಕಟ್ಟಿಹಾಕಿದ್ದಾರೆ. ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುವಾಗ ಈ ಮೀಸಲು ಕೈಹಿಡಿಯುತ್ತದೆ. ಆದರೆ ಇಷ್ಟರಿಂದಲೇ 200 ಕಿ.ಮೀ. ಅಂತರ ಹುಟ್ಟದು. ಕಿಂಗ್ ಏರ್ 350 ಎಂಬ ದೊಡ್ಡಣ್ಣನಿಗೆ 1,050 ಅಶ್ವಶಕ್ತಿಯ ಎರಡು ಎಂಜಿನ್‌ಗಳಿದ್ದರೂ ಅದರ ವೇಗ 578 ಕಿ.ಮೀ. ಮಾತ್ರ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ಬಿ200 ವಿಮಾನವನ್ನು ಅದೇ ಎತ್ತರದಲ್ಲಿ, ಅದೇ ಆಕಾರದಲ್ಲಿ 535ರಿಂದ 740ಕ್ಕೆ ಓಡಿಸಬೇಕೆಂದರೆ ಎರಡೂವರೆ ಪಟ್ಟಿಗೂ ಮೀರಿದ ಶಕ್ತಿ ಬೇಕು. ಇಂಧನ ಸುರಿದು ಗೆಲ್ಲುವ ಆಟವಲ್ಲ ಇದು. ಪ್ರತಿರೋಧವನ್ನೇ ಇಳಿಸಬೇಕು.

ಅವಾಂಟಿಯ ಸೊಗಸು ಇರುವುದು ಇಲ್ಲೇ. ಇದನ್ನು ಕಟ್ಟಿದವರ ಮನೆತನ ನಮಗೆ ಅಪರಿಚಿತವಲ್ಲ. ರಿನಾಲ್ಡೊ ಪಿಯಾಜಿಯೊ 1884ರಲ್ಲಿ ಜಿನೋವಾದಲ್ಲಿ ತೆರೆದ ಕಾರ್ಖಾನೆಯಿಂದಲೇ ವೆಸ್ಪಾ ಸ್ಕೂಟರ್, ನಮ್ಮ ಬೀದಿಗಳ ಆಪೆ ಆಟೊ ಮಾಡುವ ಕಂಪನಿಯೂ ಬೆಳೆಯಿತು. 1960ರ ದಶಕದಲ್ಲಿ ವಿಮಾನದ ಶಾಖೆ ಬೇರೆಯಾಯಿತು. ಆ ಶಾಖೆ 1980ರ ದಶಕದಲ್ಲಿ ಅಮೆರಿಕದ ಲಿಯರ್‌ಜೆಟ್ ಜೊತೆಗೂಡಿ ಅವಾಂಟಿಯ ಕೆಲಸ ಹಿಡಿಯಿತು. ಪಾಲುದಾರರು 1986ರ ಆರಂಭದಲ್ಲಿ ಕೈಬಿಟ್ಟರು. ಇಟಲಿಯವರು ಬಿಡಲಿಲ್ಲ, ಅದೇ ವರ್ಷದ ಸೆಪ್ಟೆಂಬರ್ 23ರಂದು ವಿಮಾನ ಹಾರಿತು, 1990ರಲ್ಲಿ ಮಾನ್ಯತೆ ಪಡೆಯಿತು.

ಪಕ್ಕದಿಂದ ನೋಡಿದರೆ ಅವಾಂಟಿಯಲ್ಲಿ ಎಲ್ಲವೂ ಹಿಂದುಮುಂದಾದಂತೆ ಕಾಣುತ್ತದೆ. ಮೂತಿಯ ಬಳಿ ತುಸು ಕೆಳಬಾಗಿದ ಪುಟ್ಟ ರೆಕ್ಕೆ. ದೊಡ್ಡ ರೆಕ್ಕೆ ಕ್ಯಾಬಿನ್ನಿನ ಬೆನ್ನಿಗೆ ಸರಿದಿದೆ. ಬಾಲದಲ್ಲಿ ಮಾಮೂಲಿನಂತೆ ಇನ್ನೊಂದು. ಪ್ರೊಪೆಲ್ಲರ್‌ಗಳು ದೊಡ್ಡ ರೆಕ್ಕೆಯ ಹಿಂಬದಿಯಲ್ಲಿ, ಹಿಮ್ಮುಖವಾಗಿ.

ಮಾಮೂಲಿ ವಿಮಾನದಲ್ಲಿ ತೂಕದ ಕೇಂದ್ರ ರೆಕ್ಕೆ ಎತ್ತುವ ಬಿಂದುವಿಗಿಂತ ಮುಂದಿರುತ್ತದೆ; ಸ್ಥಿರತೆಗೆ ಅದು ಬೇಕು. ಆಗ ಮೂತಿ ಕೆಳಕ್ಕೆ ಬಾಗಲು ನೋಡುತ್ತದೆ. ಅದನ್ನು ತಡೆಯಲು ಬಾಲದ ರೆಕ್ಕೆ ವಿಮಾನವನ್ನು ಕೆಳಕ್ಕೇ ಒತ್ತುತ್ತಿರಬೇಕು. ಅಂದರೆ ದೊಡ್ಡ ರೆಕ್ಕೆ ವಿಮಾನದ ತೂಕದ ಜೊತೆ ಬಾಲದ ಒತ್ತನ್ನೂ ಪಯಣದ ಉದ್ದಕ್ಕೂ ಎತ್ತುತ್ತಲೇ ಇರುತ್ತದೆ. ಅವಾಂಟಿಯಲ್ಲಿ ಮೂತಿಯ ರೆಕ್ಕೆಯೇ ಮೇಲಕ್ಕೆ ಎತ್ತಿ ಮೂತಿಯನ್ನು ಹಿಡಿದಿಡುತ್ತದೆ. ಬಾಲದ ದಂಡ ಬಹುಪಾಲು ಇಲ್ಲವಾಗುತ್ತದೆ, ದೊಡ್ಡ ರೆಕ್ಕೆ ಚಿಕ್ಕದಾಗಬಹುದು. ಎಷ್ಟು ಚಿಕ್ಕದು? ಬಿ200ರ ರೆಕ್ಕೆ 28 ಚದರ ಮೀಟರ್. ಅವಾಂಟಿಯದು ಕೇವಲ 16. ಗಾಳಿ ಉಜ್ಜುವ ಮೈ ಅಷ್ಟು ಕಡಿಮೆ. ಮೂತಿಯ ರೆಕ್ಕೆಗೆ ಇನ್ನೊಂದು ಜವಾಬ್ದಾರಿಯೂ ಇದೆ. ವೇಗ ಅತಿಯಾಗಿ ಕುಸಿದರೆ ಎತ್ತುವ ಬಲವನ್ನು ಮೊದಲು ಕಳೆದುಕೊಳ್ಳುವುದು ಅದೇ. ಮೂತಿ ತಾನಾಗಿ ಬಾಗಿ, ವಿಮಾನ ಮತ್ತೆ ವೇಗ ಗಳಿಸುತ್ತದೆ, ದೊಡ್ಡ ರೆಕ್ಕೆ ಕೈಕೊಡುವ ಹಂತ ಬರುವುದಿಲ್ಲ.

ಪ್ರೊಪೆಲ್ಲರ್ ಹಿಂದಿದ್ದರೆ ಏನು ಲಾಭ? ಮುಂದಿದ್ದಾಗ ಅದು ಕಲಕಿದ ಗಾಳಿ ನೇರ ರೆಕ್ಕೆಯ ಮೇಲೆ ಬೀಳುತ್ತದೆ. ಹಿಂದಿಟ್ಟರೆ ರೆಕ್ಕೆಗೆ ಕದಡದ ಗಾಳಿ ಸಿಗುತ್ತದೆ. ರೆಕ್ಕೆಯ ಅಗಲದ ಅರ್ಧದಷ್ಟು ದೂರ ಅದು ಪದರಪದರವಾಗಿ, ಸುಳಿಯಿಲ್ಲದೆ ಜಾರಿಹೋಗುತ್ತದೆ. ಈ ನಯವಾದ ಹರಿವು ಬಹಳ ಸೂಕ್ಷ್ಮ. ನೆಲಕ್ಕೆ ಹತ್ತಿರ ಹಾರುವಾಗ ರೆಕ್ಕೆಯ ಮುಂಚೂಣಿಗೆ ಬಡಿದು ಅಂಟಿಕೊಂಡ ಒಂದು ಕೀಟ ಸಾಕು; ಅದರ ಹಿಂದೆ ಬೆಣೆಯಾಕಾರದ ಪಟ್ಟಿಯಲ್ಲಿ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಹೀಗಾಗಿ ಇಂಥ ರೆಕ್ಕೆಯನ್ನು ಒರೆಸಿ ಚೊಕ್ಕಟವಾಗಿಡುವುದೂ ಇಂಧನ ಉಳಿಸುವ ಕೆಲಸವೇ. ಒಡಲಿನ ತಗಡುಗಳನ್ನು ಮೊದಲು ಹೊರಗಿನ ಅಚ್ಚಿಗೆ ಕರಾರುವಾಕ್ಕಾಗಿ ಕೂರಿಸಿ, ಒಳಗಿನ ಚೌಕಟ್ಟನ್ನು ಆಮೇಲೆ ಜೋಡಿಸುವ ಕ್ರಮ ತಂದದ್ದೂ ಹೊರಮೈ ಉಬ್ಬುತಗ್ಗಿಲ್ಲದೆ ಇರಲೆಂದೇ.

ಪ್ರೊಪೆಲ್ಲರಿನ ತುದಿ ಎಷ್ಟು ಜೋರಾಗಿ ಓಡುತ್ತದೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಅದರ ವ್ಯಾಸ 2.16 ಮೀಟರ್, ಸುತ್ತುವುದು ನಿಮಿಷಕ್ಕೆ 2,000 ಸಲ. ಸುತ್ತುವ ವೇಗವೇ ಗಂಟೆಗೆ 810 ಕಿ.ಮೀ. ದಾಟಿತು. ವಿಮಾನದ 740 ಕಿ.ಮೀ. ವೇಗ ಅದಕ್ಕೆ ಲಂಬವಾಗಿ ಸೇರಿದರೆ ತುದಿ ಗಾಳಿಯನ್ನು ಸೀಳುವ ವೇಗ ಸುಮಾರು 1,100. ಒಂಬತ್ತು ಕಿ.ಮೀ. ಎತ್ತರದಲ್ಲಿ ಶಬ್ದದ ವೇಗ ಸುಮಾರು 1,090! ಪ್ರೊಪೆಲ್ಲರ್ ವಿಮಾನಗಳ ವೇಗಕ್ಕೆ ಮಿತಿ ಬೀಳುವುದು ಇಲ್ಲಿ: ತುದಿ ಶಬ್ದದ ವೇಗ ಮುಟ್ಟಿದಾಗ ಪ್ರತಿರೋಧ ಏಕಾಏಕಿ ಏರುತ್ತದೆ, ಗದ್ದಲವೂ. 2014ರ ಅವಾಂಟಿ ಇವೊ ಮಾದರಿಗೆ ಕತ್ತಿಯಂತೆ ಬಾಗಿದ ಬ್ಲೇಡ್‌ಗಳು ಬಂದದ್ದು ಇದಕ್ಕೇ.

ಹಿಂದಿನ ಪ್ರೊಪೆಲ್ಲರಿಗೆ ಅದರದೇ ಕಷ್ಟಗಳೂ ಇವೆ. ರೆಕ್ಕೆಯ ಹಿಂದಿನ ಕದಡಿದ ಗಾಳಿಯಲ್ಲಿ, ಎಂಜಿನ್ನಿನ ಬಿಸಿ ಹೊಗೆಯಲ್ಲಿ ಬ್ಲೇಡ್‌ಗಳು ಸುತ್ತಬೇಕು. ಹೊರಗೆ ನಿಂತವರಿಗೆ ಕೀರಲು ಸದ್ದು ಕೇಳುವುದು ಇದರಿಂದ. ಕ್ಯಾಬಿನ್ ಮಾತ್ರ ಶಾಂತ. ಆದರೆ ಆ ಬಿಸಿ ಹೊಗೆಯೇ ಬ್ಲೇಡ್‌ಗಳ ಮೇಲೆ ಹಿಮ ಕಟ್ಟದಂತೆ ಕಾಯುತ್ತದೆ. ಮಿಕ್ಕ ವಿಮಾನಗಳು ವಿದ್ಯುತ್ ತಂತಿಗಳಿಂದ ಬ್ಲೇಡ್ ಕಾಯಿಸುವ ಜಾಗದಲ್ಲಿ ಅವಾಂಟಿಗೆ ಪುಕ್ಕಟೆ ಶಾಖ.

ಇಷ್ಟಾದರೂ ತಯಾರಾದ ಅವಾಂಟಿಗಳು 250ರ ಆಸುಪಾಸು. 1964ರಿಂದ ಬರುತ್ತಿರುವ ಕಿಂಗ್ ಏರ್ ಕುಟುಂಬ ಏಳು ಸಾವಿರ ದಾಟಿದೆ. ಕಿಂಗ್ ಏರ್‌ನ ಅಗಲ ರೆಕ್ಕೆ ಅದನ್ನು ಗಿಡ್ಡ ರನ್‌ವೇಯಲ್ಲೂ ಮಣ್ಣಿನ ನೆಲದಲ್ಲೂ ಇಳಿಸುತ್ತದೆ, ರಿಪೇರಿ ಎಲ್ಲೆಡೆ ಸಿಗುತ್ತದೆ. ಪುಟ್ಟ ರೆಕ್ಕೆಯ ಅವಾಂಟಿಗೆ ಉದ್ದದ ರನ್‌ವೇ ಬೇಕು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಎದುರಿಸಿದ್ದೂ ಇದೇ ಆಯ್ಕೆಯನ್ನು. 2004ರ ಮೇ 29ರಂದು ಹಾರಿದ ಅದರ ಸಾರಸ್ ವಿಮಾನದಲ್ಲೂ ಎರಡು ಪಿಟಿ6ಎ-66 ಎಂಜಿನ್‌ಗಳು, ಹಿಂದಿನಿಂದ ತಳ್ಳುವ ಪ್ರೊಪೆಲ್ಲರ್‌ಗಳು. ಆದರೆ ಅದು 14 ಮಂದಿಯನ್ನು ಹೊತ್ತು ಸಣ್ಣ ಊರುಗಳ ಗಿಡ್ಡ ರನ್‌ವೇಗಳಲ್ಲಿ ಇಳಿಯಬೇಕಿತ್ತು; ರೆಕ್ಕೆ ದೊಡ್ಡದಾಯಿತು, ಮೂತಿಯ ರೆಕ್ಕೆ ಇರಲಿಲ್ಲ, ವೇಗ ಸುಮಾರು 550 ಕಿ.ಮೀ. ಮೊದಲ ಮಾದರಿಯ ತೂಕವೂ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಸುಧಾರಿಸಿದ ವಿಮಾನ 2018ರ ಜನವರಿ 24ರಂದು ಮತ್ತೆ ಹಾರಿತು, ಈ ಸಲ 1,200 ಅಶ್ವಶಕ್ತಿಯ ಎಂಜಿನ್‌ಗಳೊಂದಿಗೆ. ಅದರ ಮುಂದಿನ ರೂಪ 19 ಆಸನಗಳ ಸಾರಸ್ ಎಂಕೆ2. ಎಂಜಿನ್ ಬಲವನ್ನು ನೆಚ್ಚಿ ಕೂರದೆ, ತೂಕವನ್ನೂ ಗಾಳಿಯ ಪ್ರತಿರೋಧವನ್ನೂ ಇಳಿಸುವುದಕ್ಕೆ ಎಂಜಿನಿಯರುಗಳು ಅದರಲ್ಲಿ ಒತ್ತು ಕೊಟ್ಟಿದ್ದಾರೆ.