ಇವತ್ತಿನ ರೊಟ್ಟಿ ಇವತ್ತಿಗೆ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಒಂದು ರಾತ್ರಿ ಊಟವಾದ ಮೇಲೆ ನನ್ನ ಪಕ್ಕ ಕುಳಿತು ಕೇಳಿದಳು: “ಅಜ್ಜಾ, ನೀ ದಿನಾ ಪ್ರಾರ್ಥನಾ ಮಾಡಿದ್ರೂ ಅಜ್ಜಿ ಯಾಕ ಉಳೀಲಿಲ್ಲ?”

ಅವಳಿಗೆ ಹತ್ತು ವರ್ಷ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಎಂಥೆಂಥ ಪ್ರಶ್ನೆಗಳಿಗೋ ಉತ್ತರ ಕೊಟ್ಟವನು ನಾನು. ಅಂದು ಮಾತ್ರ “ನಾಳೆ ಹೇಳ್ತೀನಿ, ಮಲಕೋ ಪುಟ್ಟಿ” ಎಂದು ತಪ್ಪಿಸಿಕೊಂಡೆ. ರಾತ್ರಿಯೆಲ್ಲ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿ ಕಡೆಯ ಕ್ರೈಸ್ತ ಮನೆತನ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಹೀಗಾಗಿ ನನ್ನ ಅಜ್ಜಿಗೆ ದೇವರ ಜೊತೆ ಮಾತಾಡಲು ಬೇರೆ ಭಾಷೆ ಬೇಕಿರಲಿಲ್ಲ. ತುಂಗಭದ್ರಾ ಅಣೆಕಟ್ಟು ಕಟ್ಟುವಾಗ ಅಪ್ಪ ಕೆಲಸಕ್ಕೆಂದು ಮುನಿರಾಬಾದಿಗೆ ಬಂದರು. ಅಜ್ಜಿಯೂ ಜೊತೆಗೆ ಬಂದಳು. ಆಕೆ ಜೋಳದ ರೊಟ್ಟಿ ಬಡಿಯುತ್ತಲೇ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದಳು. ಅದರಲ್ಲಿ ಆ ದಿನದ ಆಹಾರವನ್ನು ಆ ದಿನಕ್ಕೆ ಕೊಡು ಎಂದು ಕೇಳುವ ಮಾತಿದೆ. ಅಜ್ಜಿ ನಗುತ್ತಾ ಹೇಳುತ್ತಿದ್ದಳು: “ಕಟಕ ರೊಟ್ಟಿ ಆದ್ರ ತಿಂಗಳಗಟ್ಟಲೆ ಕೂಡಿಡಬಹುದು. ಯೇಸು ಕೇಳಾಕ ಹೇಳಿದ್ದು ಇವತ್ತಿನ ಬಿಸಿ ರೊಟ್ಟಿ ಅಷ್ಟ.”

ಆ ಮಾತಿನ ಅರ್ಥ ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದೆ. ಆಗ ನಮ್ಮದಿನ್ನೂ ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊನೆಗೆ ಕೊಪ್ಪಳ, ಹೀಗೆ ನನ್ನ ವರ್ಗಾವಣೆಗಳು. ಗಂಗಾವತಿಯಲ್ಲಿ ಕಾಲುವೆ ನೀರು, ಭತ್ತ, ರೈಸ್ ಮಿಲ್ಲುಗಳ ಹಣದ ಕಂತೆ. ಯಲಬುರ್ಗಾ, ಕುಷ್ಟಗಿಗಳಲ್ಲಿ ಆಕಾಶ ನೋಡುವ ಬೇಸಾಯ. ಮಳೆ ಕೈಕೊಟ್ಟ ವರ್ಷ ಸಾಲದ ಅವಧಿ ಮುಂದೂಡಿಸಲು ಬರುವ ರೈತರ ಸಾಲು.

ಕುಷ್ಟಗಿಯಲ್ಲಿ ಕ್ಯಾಷಿಯರ್ ಆಗಿದ್ದಾಗ ಒಂದು ಸಂಜೆ ನಗದು ಮೂರು ಸಾವಿರ ರೂಪಾಯಿ ಕಡಿಮೆ ಬಂತು. ಅದು ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ನೋಟು ಎಣಿಸುವಾಗ ನಾನೇ ಎಡವಿದ್ದೆ. ರಾತ್ರಿ ಮೊಣಕಾಲೂರಿ, ಹಣ ಹೇಗಾದರೂ ಸಿಗಲಿ ಎಂದು ಬೇಡಿದೆ. ಸಿಗಲಿಲ್ಲ. ಕಂತಿನಲ್ಲಿ ಕಟ್ಟಿದೆ. ಆದರೆ ಮರುದಿನ ಅದೇ ಕೌಂಟರಿನಲ್ಲಿ ಕುಳಿತು ನೋಟು ಎಣಿಸುವಾಗ ಕೈ ನಡುಗಲಿಲ್ಲ. ಅಂದು ಅದನ್ನು ಪ್ರಾರ್ಥನೆಯ ಉತ್ತರವೆಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ.

ನಿವೃತ್ತಿಯಾದ ಮೂರನೇ ವರ್ಷ ಹೆಂಡತಿಯ ಎರಡೂ ಕಿಡ್ನಿ ಸೋತವು. ವಾರಕ್ಕೆರಡು ಸಲ ಡಯಾಲಿಸಿಸ್. ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗುವುದು, ನಾಲ್ಕು ತಾಸು ಯಂತ್ರದ ಪಕ್ಕ ಕೂರುವುದು, ರಾತ್ರಿ ಮರಳುವುದು. ಕಿಡ್ನಿ ನೀರನ್ನು ಹೊರಹಾಕದ ಕಾರಣ ಆಕೆ ಕುಡಿಯುವ ನೀರಿಗೂ ಅಳತೆ. ನಮ್ಮ ಕೊಪ್ಪಳದ ಬೇಸಿಗೆ ನಿಮಗೆ ಗೊತ್ತಲ್ಲ? ಆ ಬಿಸಿಲಿನಲ್ಲಿ ಆಕೆ ದಿನದ ಪಾಲಿನ ನೀರನ್ನು ಬೆಳಿಗ್ಗೆಯೇ ಒಂದು ತಂಬಿಗೆಗೆ ಅಳೆದಿಟ್ಟು, ಗುಟುಕು ಗುಟುಕಾಗಿ ಸಂಜೆಯವರೆಗೆ ಒಯ್ಯುತ್ತಿದ್ದಳು. ಅವಳೆದುರು ನೀರು ಕುಡಿಯಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಮೊದಮೊದಲು ನನ್ನ ಪ್ರಾರ್ಥನೆ ವ್ಯವಹಾರದಂತಿತ್ತು. ಇವಳನ್ನು ಉಳಿಸು, ಇಂಥದ್ದು ಮಾಡುತ್ತೇನೆ ಎಂಬ ಒಪ್ಪಂದ. ಆರು ತಿಂಗಳಾದರೂ ಗುಣ ಕಾಣದಾಗ ಸಿಟ್ಟು ಬಂತು. ಪ್ರಾರ್ಥನೆ ಬಿಟ್ಟೆ. ಮೂರು ವಾರ ಬೈಬಲ್ ಮುಟ್ಟಲಿಲ್ಲ. ಅದನ್ನು ಗಮನಿಸಿದ ಆಕೆ ಒಂದು ರಾತ್ರಿ ಹೇಳಿದಳು: “ನಿಮಗ ಆಗದಿದ್ರ ಬಿಡ್ರಿ. ನಾ ಮಾಡ್ತೀನಿ, ನೀವು ಆಮೆನ್ ಅನ್ರಿ ಸಾಕು.”

ಹಾಗೆ ಬರೀ ‘ಆಮೆನ್’ ಎನ್ನುತ್ತಾ ಮತ್ತೆ ಶುರುವಾಯಿತು. ಕೀರ್ತನೆಗಳ ಪುಸ್ತಕವನ್ನು ಓದತೊಡಗಿದೆವು. ಅಲ್ಲಿರುವ 150 ಕೀರ್ತನೆಗಳಲ್ಲಿ ಎಷ್ಟೋ ದೂರುಗಳೇ. ಎಲ್ಲಿದ್ದೀ ದೇವರೇ ಎಂಬ ಅಳಲೇ. ದೇವರ ಮುಂದೆ ಸಿಟ್ಟನ್ನೂ ಹೇಳಿಕೊಳ್ಳಬಹುದು ಎಂದು ಅರವತ್ತು ದಾಟಿದ ಮೇಲೆ ಕಲಿತೆ. ಗೆತ್ಸೆಮನೆ ತೋಟದಲ್ಲಿ ಸ್ವತಃ ಯೇಸು, ಸಂಕಟದ ಪಾತ್ರೆಯನ್ನು ತೆಗೆದುಬಿಡು ಎಂದು ಬೇಡಿಕೊಂಡ. ಪಾತ್ರೆ ತೊಲಗಲಿಲ್ಲ. ಅದನ್ನು ಕುಡಿಯುವ ಬಲ ಸಿಕ್ಕಿತು ಎಂದು ಲೂಕನ ಸುವಾರ್ತೆ ಹೇಳುತ್ತದೆ. ಆ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದ್ದೆ. ಅದು ನಮ್ಮ ಮನೆಯ ಮಾತು ಎನಿಸಿದ್ದು ಆಗಲೇ.

ಅಲ್ಲಿಂದ ನಮ್ಮ ಬೇಡಿಕೆ ಚಿಕ್ಕದಾಯಿತು. ಇಂದಿನ ರೈಲು ತಪ್ಪದಿರಲಿ. ಇಂದಿನ ಸೂಜಿ ನೋಯದಿರಲಿ. ತಂಬಿಗೆಯ ನೀರು ಸಂಜೆಯವರೆಗೆ ಬರಲಿ. ಬ್ಯಾಂಕಿನಲ್ಲಿ ಆ ದಿನದ ಡೇ ಬುಕ್ ಆ ದಿನವೇ ಮುಗಿಸಬೇಕು. ನಾಳೆಯ ವೋಚರನ್ನು ಇಂದು ಬರೆಯುವಂತಿಲ್ಲ. ಇಷ್ಟು ವರ್ಷ ಕಚೇರಿಯಲ್ಲಿ ಪಾಲಿಸಿದ ನಿಯಮವನ್ನು ಮನೆಯಲ್ಲಿ ಪಾಲಿಸಿರಲಿಲ್ಲ ನೋಡಿ! ಹಾಗೆಂದು ಔಷಧ, ವೈದ್ಯರನ್ನು ಬಿಟ್ಟು ಪ್ರಾರ್ಥನೆಯನ್ನೇ ಹಿಡಿದು ಕೂರಲಿಲ್ಲ. ಒಂದು ದಿನದ ಡಯಾಲಿಸಿಸ್ ಕೂಡ ತಪ್ಪಿಸಲಿಲ್ಲ. ಹೋಗಿ ಬರಲು ಕಾಲಿಗೆ ಕಸುವು ಕೊಟ್ಟದ್ದು ಮಾತ್ರ ಆ ಪ್ರಾರ್ಥನೆ.

ಹತ್ತೊಂಬತ್ತು ತಿಂಗಳು ಹೀಗೆ ನಡೆಯಿತು. ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಆಕೆ ತೀರಿಕೊಂಡಳು. ಊರೆಲ್ಲ ಜಾತ್ರೆಯ ಜನ. ಮಠದ ದಾಸೋಹದ ಸೇವೆಗೆ ಹೊರಟಿದ್ದ ಪಕ್ಕದ ಮನೆಯವರು ಅದನ್ನು ಬಿಟ್ಟು ಬಂದು ರಾತ್ರಿಯಿಡೀ ನನ್ನ ಜೊತೆ ಕುಳಿತರು. ನಾನು ಕರ್ತನ ಪ್ರಾರ್ಥನೆ ಹೇಳಲು ಹೋಗಿ ಅರ್ಧಕ್ಕೆ ನಿಂತಾಗ ಅವರು ಕೈ ಹಿಡಿದು “ಹೇಳ್ರಿ, ಮುಂದ ಹೇಳ್ರಿ” ಎಂದರು. ಹೇಳಿ ಮುಗಿಸಿದೆ. ಕೊನೆಗೆ ‘ಆಮೆನ್’ ಎಂದವರು ಅವರೇ.

ಕಷ್ಟದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಾನು ಹೇಳುವುದಿಷ್ಟೇ. ಪ್ರಾರ್ಥನೆಗೆ ಒಳ್ಳೆಯ ಮಾತು ಹುಡುಕಬೇಡಿ, ನಿಜವಾದ ಮಾತು ಸಾಕು. ತಿಂಗಳಿಗಾಗುವಷ್ಟು ಬಲವನ್ನು ಒಮ್ಮೆಗೇ ಕೇಳಬೇಡಿ. ನಿಮ್ಮಿಂದ ಆಗದ ದಿನ ಬೇರೆಯವರು ಹೇಳಲಿ, ನೀವು ಆಮೆನ್ ಅನ್ನಿ.

ಮರುದಿನ ಬೆಳಿಗ್ಗೆ ಮೊಮ್ಮಗಳಿಗೆ ಹೇಳಿದೆ: “ಅಜ್ಜಿ ಉಳೀಲಿ ಅಂತ ಕೇಳಿದ್ದೆ ಪುಟ್ಟಿ, ಅದು ಸಿಗಲಿಲ್ಲ. ಯಾಕಂತ ನನಗೂ ಗೊತ್ತಿಲ್ಲ. ಆದ್ರ ಅಜ್ಜೀನ ಒಂದು ದಿನಾನೂ ಒಬ್ಬಾಕೀನ ಬಿಡದಂಗ ನೋಡ್ಕೊಳ್ಳೋ ಶಕ್ತಿ ಕೇಳಿದ್ದೆ. ಅದು ದಿನಾ ಸಿಕ್ತು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇವತ್ತು ನಾ ಪ್ರಾರ್ಥನಾ ಹೇಳ್ಲ್ಯಾ?” ಎಂದಳು. ಹೇಳಿದಳು. ನಾನು ಆಮೆನ್ ಎಂದೆ. ಇಬ್ಬರೂ ಬಿಸಿ ರೊಟ್ಟಿ ತಿನ್ನಲು ಒಳಗೆ ಹೋದೆವು.