ಹುಟ್ಟುಗುಣ ಸುಟ್ಟರೂ ಹೋಗದೇ?

ನೆಂಟರ ಮದುವೆಗೆ ಕರೆದರೆ ಏನಾದರೊಂದು ನೆಪ. ಬಡ್ತಿ ಸಿಕ್ಕರೆ ಮೀಟಿಂಗ್‌ನಲ್ಲಿ ಮಾತಾಡಬೇಕಾದೀತೆಂದು ಬಡ್ತಿಯೇ ಬೇಡ. ಇಂಥವರನ್ನು ನಾವು 'ಸಂಕೋಚದ ಸ್ವಭಾವ' ಎಂದು ಬಿಟ್ಟುಬಿಡುತ್ತೇವೆ. ಕೆಲವರು 'ಜಂಬ' ಎಂದೂ ಆಡಿಕೊಳ್ಳುತ್ತಾರೆ.

ಎರಡೂ ಸರಿಯಲ್ಲ. ಸಾಮಾನ್ಯ ಸಂಕೋಚ ಪರಿಚಯ ಬೆಳೆದಂತೆ ಸಡಿಲವಾಗುತ್ತದೆ. ವ್ಯಕ್ತಿತ್ವ ದೋಷವೆಂಬ ಮಾನಸಿಕ ಸಮಸ್ಯೆಯಾದರೆ ಅದು ಹರೆಯದಲ್ಲೇ ಬೇರುಬಿಟ್ಟು ಕೆಲಸ, ಗೆಳೆತನ, ದಾಂಪತ್ಯ ಎಲ್ಲವನ್ನೂ ಆವರಿಸಿರುತ್ತದೆ. 'ನಾನು ಯಾರಿಗೂ ಸಾಟಿಯಲ್ಲ, ಹತ್ತಿರ ಹೋದರೆ ನಗುತ್ತಾರೆ' ಎಂಬ ನಂಬಿಕೆ ಒಳಗೆ ಗಟ್ಟಿಯಾಗಿ ಕೂತಿರುತ್ತದೆ. ಜನರೇ ಬೇಡವೆನ್ನುವವರು ಬೇರೆ, ಬೇಕೆಂದು ಹಂಬಲಿಸಿಯೂ ಹೆದರಿ ದೂರ ಉಳಿಯುವವರು ಬೇರೆ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲೇ ವಿಂಗಡಿಸಿತು. ಆ ಹಂಬಲ ಹೊರಗಿನವರ ಕಣ್ಣಿಗೆ ಬೀಳದು. ನನಗೆ ಅತ್ಯಂತ ನೋವಿನ ಸಂಗತಿ ಎನಿಸುವುದು ಇದೇ.

ವ್ಯಕ್ತಿತ್ವ ದೋಷಗಳಲ್ಲಿ ಆತಂಕವೇ ಮೂಲವಾದ ಗುಂಪೊಂದಿದೆ. ಹೀಗೆ ಹೆದರಿ ದೂರ ಉಳಿಯುವುದು ಅದರಲ್ಲೊಂದು, ಇನ್ನೆರಡು ಬಗೆಗಳಿವೆ. ಒಂದು, ಎಲ್ಲವೂ ತಾನು ಹೇಳಿದಂತೆಯೇ ಅಚ್ಚುಕಟ್ಟಾಗಿರಬೇಕೆಂಬ ಹಟ. ಇದನ್ನು ಓಸಿಡಿ ಎಂಬ ಗೀಳಿನ ಕಾಯಿಲೆ ಎಂದುಕೊಳ್ಳುವವರೇ ಹೆಚ್ಚು. ಗೀಳಿನ ಕಾಯಿಲೆಯವರಿಗೆ ಕೈ ಮತ್ತೆ ಮತ್ತೆ ತೊಳೆಯುವುದು ಸಾಮಾನ್ಯವಾಗಿ ತಮಗೇ ಹಿಂಸೆ. 'ಶಿಸ್ತಿನ ಸಿಪಾಯಿ'ಗೆ ತನ್ನ ದಾರಿಯೇ ಸರಿ, ಹಿಂಸೆಯೆಲ್ಲ ಮನೆಯವರಿಗೆ. ಇನ್ನೊಂದು, ಪರಾವಲಂಬನೆ. ಹಿರಿಯರನ್ನು ಕೇಳಿ ನಡೆಯುವುದು ನಮ್ಮಲ್ಲಿ ರೂಢಿ, ಅದು ರೋಗವಲ್ಲ. ಆದರೆ ಒಂಟಿಯಾಗುವ ಭಯಕ್ಕೇ ಹೊಡೆತ ತಿನ್ನುತ್ತ ಉಳಿಯುವವರಿದ್ದರೆ ಗಮನಿಸಲೇಬೇಕು. ಅದೂ ಎಚ್ಚರದಿಂದ: ಎಷ್ಟೋ ಹೆಂಗಸರು ಉಳಿಯುವುದು ಹೋಗಲು ಬೇರೆ ನೆಲೆಯಿಲ್ಲದೆ.

ಇನ್ನು 'ಹುಟ್ಟುಗುಣ, ಏನು ಮಾಡಿದರೂ ಹೋಗದು' ಎಂಬ ಮಾತು. ಇದು ಜನರನ್ನು ವೈದ್ಯರ ಬಾಗಿಲಿಗೇ ಹೋಗದಂತೆ ತಡೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ 323 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಈ ಆತಂಕದ ಗುಂಪಿನವರೇ. ಬಾಲ್ಯದಿಂದ ಬಂದ ನಂಬಿಕೆಗಳನ್ನು ಗುರುತಿಸಿ ಸಡಿಲಿಸುವ ಸ್ಕೀಮಾ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 80 ಮಂದಿ ಮೂರು ವರ್ಷದ ಹೊತ್ತಿಗೆ ಚೇತರಿಸಿಕೊಂಡಿದ್ದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 50ರಷ್ಟು. ಸ್ಕೀಮಾ ಚಿಕಿತ್ಸೆ ನಡೆದದ್ದು 50 ಭೇಟಿಗಳಲ್ಲಿ. ನಿಧಾನದ ಕೆಲಸ, ಆದರೆ ಆಗುವ ಕೆಲಸ.

ಮಾತ್ರೆ ನುಂಗಿದರೆ ಸಾಲದೇ? ವ್ಯಕ್ತಿತ್ವವನ್ನೇ ತಿದ್ದುವ ಮಾತ್ರೆಯಿಲ್ಲ. ಜೊತೆಗೆ ಬರುವ ಖಿನ್ನತೆ, ಆತಂಕಗಳಿಗೆ ಔಷಧಿ ನೆರವಾಗುತ್ತದೆ. ಮುಖ್ಯ ಚಿಕಿತ್ಸೆ ಮಾತಿನದು. ಮನೆಯವರು 'ಧೈರ್ಯ ತಂದ್ಕೋ' ಎಂದು ನೂಕುವುದೂ ಬೇಡ, ಅವರ ಪರವಾಗಿ ಎಲ್ಲವನ್ನೂ ತಾವೇ ಮಾಡಿಕೊಡುವುದೂ ಬೇಡ. ಅಂಗಡಿಯವನೊಂದಿಗೆ ಎರಡು ಮಾತು, ನಾಳೆ ಒಂದು ಫೋನ್ ಕರೆ: ಹೀಗೆ ಸಣ್ಣ ಹೆಜ್ಜೆಗಳೇ ಸಾಕು.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋದಾಗ ಈಗಿನ ಬೇಸರವನ್ನಷ್ಟೇ ಹೇಳಬೇಡಿ, 'ಶಾಲೆಯ ದಿನಗಳಿಂದಲೂ ಹೀಗೇ' ಎಂಬುದನ್ನೂ ಹೇಳಿ. ಅದನ್ನು ಹೇಳದಿದ್ದರೆ ಖಿನ್ನತೆಗಷ್ಟೇ ಮದ್ದು ಸಿಕ್ಕೀತು.